ಸಾಸಿವೆ ಬೊಗಳುವುದನ್ನು ನಿಲ್ಲಿಸಿದ್ದಕ್ಕೆ ಪ್ರಮಾಣಪತ್ರ

ಬಸ್ಸು ಹೊರಡುವ ಹೊತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ ನನ್ನ ಹೆಂಡತಿ ಹೇಳಿದ ಮಾತು ಅಕ್ಷರಶಃ ಹೀಗಿತ್ತು: "ಈ ನಾಯಿ ಬೊಗಳೋದು ನಿಲ್ಲಿಸೋವರೆಗೂ ನಾನು ವಾಪಸ್ ಬರಲ್ಲ, ನೋಡ್ಕೊಳ್ಳಿ ಮತ್ತೆ."

ಹೇಳುವಾಗ ಅವಳು ನಗುತ್ತಿದ್ದಳು. ಆದರೆ ನಾನು ಇಪ್ಪತ್ತಾರು ವರ್ಷಗಳಿಂದ ನೀರು ಸರಬರಾಜು ಕಚೇರಿಯಲ್ಲಿ ಆವಕ ಗುಮಾಸ್ತ. ಹೊರಗಿನಿಂದ ಬರುವ ಅರ್ಜಿ, ದೂರು, ತಕರಾರು ಎಲ್ಲಕ್ಕೂ ಮುದ್ರೆ ಒತ್ತಿ, ಸಂಖ್ಯೆ ಕೊಟ್ಟು, ವಹಿಯಲ್ಲಿ ಬರೆದುಕೊಳ್ಳುವುದು ನನ್ನ ಕೆಲಸ. ನಮ್ಮ ವಹಿಯಲ್ಲಿ ದಿನಾಂಕಕ್ಕೆ ಕಲಂ ಇದೆ, ವಿಷಯಕ್ಕೆ ಕಲಂ ಇದೆ, ಷರಾಕ್ಕೂ ಇದೆ. ಅರ್ಜಿದಾರ ನಗುತ್ತಿದ್ದನೋ ಅಳುತ್ತಿದ್ದನೋ ಎಂಬುದಕ್ಕೆ ಕಲಂ ಇಲ್ಲ. ಹಾಗಾಗಿ ನಾನು ಮಾತನ್ನು ಬರೆದುಕೊಂಡೆ, ನಗುವನ್ನು ಬಿಟ್ಟೆ. ಅಲ್ಲಿಂದ ಶುರುವಾಯಿತು ಎಡವಟ್ಟು.

ಅವಳು ಹೊರಟಿದ್ದು ತಂಗಿಯ ಊರಿಗೆ. ನನ್ನ ನಾದಿನಿಗೆ ಅಲ್ಲೊಂದು ಗುಂಡಿ, ದಾರ, ಲೇಸುಗಳ ಸಣ್ಣ ಅಂಗಡಿ. ಮೇಲಿನ ಅಟ್ಟದಿಂದ ಡಬ್ಬ ಇಳಿಸಲು ಹೋಗಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಳು. ಹದಿನೈದು ದಿನ ಅಂಗಡಿ ನೋಡಿಕೊಂಡು ಬರುತ್ತೇನೆಂದು ಇವಳು ಹೊರಟಳು. "ನಿಮ್ಮಿಂದ ಆಗತ್ತೇನ್ರೀ?" ಎಂದು ಮೂರು ಸಲ ಕೇಳಿದಳು. ನಾನು ಮೂರು ಸಲವೂ, "ನನಗೇನು, ಆರಾಮ. ನಿಧಾನವಾಗಿ ಬಾ, ಅವಸರ ಏನಿಲ್ಲ" ಎಂದೆ. ಗಂಡಸಾದವನು ಅಂಥ ಸಂದರ್ಭದಲ್ಲಿ ಹಾಗೇ ಹೇಳಬೇಕು ಎಂದು ನನಗೆ ಯಾರು ಕಲಿಸಿದರೋ ಗೊತ್ತಿಲ್ಲ. ಸಿಕ್ಕಿದರೆ ಎರಡು ಮಾತು ಕೇಳುವುದಿದೆ.

ಇನ್ನು ನಾಯಿಯ ವಿಚಾರ. ಐದು ತಿಂಗಳ ಹಿಂದೆ ಇವಳು ತರಕಾರಿ ಚೀಲದಲ್ಲಿ, ಸೌತೆಕಾಯಿಗಳ ನಡುವೆ ಕೂರಿಸಿಕೊಂಡು ತಂದ ಕರಿ ಮರಿ. ಅಂಗೈಯಷ್ಟಿತ್ತು, ಅದಕ್ಕೇ ಸಾಸಿವೆ ಎಂದು ಕರೆದಳು. ಅಂದೇ ನಾನು ಮೆಟ್ಟಿಲ ಮೇಲೆ ನಿಂತು, ನಾಲ್ಕು ಮನೆಯವರಿಗೂ ಕೇಳುವಂತೆ, "ಈ ಮನೇಲಿ ಒಂದೋ ನಾನಿರಬೇಕು, ಇಲ್ಲಾ ಈ ನಾಯಿ ಇರಬೇಕು" ಎಂದು ಘೋಷಿಸಿದ್ದೆ. ಅದಾದ ಮೇಲೆ ನಾವಿಬ್ಬರೂ ಇದ್ದೆವು. ಘೋಷಣೆ ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯಿತು, ಮುಂದೆ ಅದೇ ನನ್ನ ಕುತ್ತಿಗೆಗೆ ಬಂತು.

ಇವಳು ಹೊರಡುವುದಕ್ಕೆ ಒಂದು ವಾರ ಮೊದಲು ಸಾಸಿವೆಗೆ ಏನಾಯಿತೋ, ನಿನ್ನೆಯವರೆಗೆ ಮೂಸಿ ಬಾಲ ಅಲ್ಲಾಡಿಸುತ್ತಿದ್ದ ವಸ್ತುಗಳನ್ನೆಲ್ಲ ಕಂಡು ಬೊಗಳತೊಡಗಿತು. ಛತ್ರಿ ಕಂಡರೆ ಬೊಗಳು. ಹೆಲ್ಮೆಟ್ ಕಂಡರೆ ಬೊಗಳು. ಪೊರಕೆ, ಬಕೆಟ್ಟು, ಗಾಳಿಗೆ ಅಲ್ಲಾಡುವ ಟವೆಲು, ಯಾವುದಕ್ಕೂ ವಿನಾಯಿತಿ ಇಲ್ಲ. ಬೊಗಳುತ್ತಲೇ ಹಿಂದೆ ಹಿಂದೆ ಸರಿದು ಮಂಚದಡಿ ಸೇರಿ ಅಲ್ಲಿಂದ ಬಾಕಿ ಬೊಗಳನ್ನು ಮುಗಿಸುತ್ತಿತ್ತು.

ಇವಳು ಹೋದ ಮೂರನೆಯ ದಿನಕ್ಕೆ ಕಟ್ಟಡದ ಕಾರ್ಯದರ್ಶಿ ಬಾಗಿಲಿಗೆ ಬಂದರು. ತಲೆಯ ಮೇಲೆ ಹೆಲ್ಮೆಟ್ ಇತ್ತು. ಅವರು ಹೇಳಿದ್ದು ನನಗೆ ಕೇಳಿಸಲಿಲ್ಲ, ನಾನು ಹೇಳಿದ್ದು ಅವರಿಗೆ ಕೇಳಿಸಲಿಲ್ಲ, ಮಧ್ಯೆ ಸಾಸಿವೆ ಇಬ್ಬರ ಪರವಾಗಿಯೂ ಮಾತಾಡುತ್ತಿತ್ತು. ಕೊನೆಗೆ ಅವರು ಒಂದು ಚೀಟಿ ಕೈಗಿಟ್ಟು ಹೋದರು. ಅದರಲ್ಲಿ, ಎದುರುಮನೆಯ ಸಂಗೀತದ ಟೀಚರ್ ಹಾಡು ಹೇಳಿಕೊಡುವಾಗ ನಾಯಿ ಸೇರಿಕೊಳ್ಳುತ್ತದೆಂದೂ, ಅದೂ ಶ್ರುತಿ ಬಿಟ್ಟು ಸೇರಿಕೊಳ್ಳುತ್ತದೆಂದೂ ಬರೆದಿತ್ತು.

ಆ ಸಂಜೆ ಇವಳ ಫೋನ್ ಬಂತು. ನಡುಮನೆಯ ಸ್ಟೂಲಿನ ಮೇಲೆ ಫೋನು, ಪಕ್ಕದಲ್ಲಿ ಸಾಸಿವೆ, ಅದು ಫೋನಿನ ಗಂಟೆಗೂ ಬೊಗಳುತ್ತಿತ್ತು.

"ಹೇಗಿದೀರಿ?" ಎಂದಳು.

"ಆರಾಮ."

"ಅದ್ಯಾಕೆ ಹಾಗೆ ಬಡ್ಕೊಳ್ತಿದೆ?"

"ಯಾವುದು? ಓ ಅದಾ. ಏನಿಲ್ಲ, ಸುಮ್ನೆ."

"ಊಟ?"

"ಆಯ್ತು. ನೀನೇನೂ ಅವಸರ ಮಾಡ್ಕೋಬೇಡ."

ಫೋನ್ ಇಟ್ಟ ಮೇಲೆ ಮನೆ ತೀರಾ ದೊಡ್ಡದಾಗಿ ಕಂಡಿತು. ಇರುವುದೇ ಎರಡೂವರೆ ಕೋಣೆ. ಬಾಗಿಲ ಹಿಂದಿನ ಮೊಳೆಗೆ ಅವಳ ಹಳೆಯ ಬೂದು ಸ್ವೆಟರ್ ನೇತಾಡುತ್ತಿತ್ತು. ಬೆಳಿಗ್ಗೆ ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿ, ಎರಡನೆಯದನ್ನು ಏನು ಮಾಡುವುದೆಂದು ತಿಳಿಯದೆ ನಾನೇ ಕುಡಿದಿದ್ದೆ. ಸತ್ಯ ಹೇಳುತ್ತೇನೆ, ನನಗೆ ಅವಳು ಬೇಕಾಗಿದ್ದಳು, ಅಂದೇ ಬೇಕಾಗಿದ್ದಳು. ಆದರೆ ಬಾ ಎನ್ನುವುದು ಹೇಗೆ? ಷರತ್ತು ಪೂರೈಸದ ಅರ್ಜಿಯನ್ನು ನಾನೇ ಎಷ್ಟು ಜನರಿಗೆ ಹಿಂದಿರುಗಿಸಿಲ್ಲ.

ಮರುದಿನವೇ ರಜೆ ಬರೆದು ಪಶುವೈದ್ಯರ ಬಳಿ ಹೋದೆ. ಸಾಸಿವೆ ಅವರ ಕೊರಳಿನ ಸ್ಟೆತಸ್ಕೋಪಿಗೆ ಬೊಗಳಿತು. ಅವರು ಅದನ್ನು ತೆಗೆದು ಮೇಜಿನ ಡ್ರಾಯರಿನಲ್ಲಿಟ್ಟು, ನಾಯಿಯ ಕಡೆ ನೋಡದೆ ನನ್ನನ್ನೇ ನೋಡುತ್ತ ಕೂತರು.

"ವಯಸ್ಸೆಷ್ಟು?"

"ಐವತ್ತೆರಡು."

"ನಾಯೀದು."

"ಏಳು ತಿಂಗಳಿರಬಹುದು."

"ಹಾಗಿದ್ರೆ ಸರಿ. ಈ ವಯಸ್ಸಲ್ಲಿ ಹೀಗಾಗತ್ತೆ. ಗೊತ್ತಿರೋ ವಸ್ತುನೂ ಇದ್ದಕ್ಕಿದ್ದ ಹಾಗೆ ಹೊಸದಾಗಿ ಕಾಣತ್ತೆ, ಹೆದರ್ಕೊಳ್ಳತ್ತೆ. ಇದು ಹಟ ಅಲ್ಲ ಸ್ವಾಮಿ, ಭಯ. ಬೈಬೇಡಿ, ಎಳೀಬೇಡಿ. ಅದಕ್ಕೆ ಯಾವುದರ ಭಯವೋ ಅದನ್ನ ದೂರದಿಂದ ತೋರಿಸಿ. ನೋಡಿ ಸುಮ್ನಿದ್ರೆ ತಕ್ಷಣ ಇಷ್ಟದ ತಿಂಡಿ ಒಂದು ಚೂರು. ದಿನಾ ಸ್ವಲ್ಪ ಸ್ವಲ್ಪ ಹತ್ತಿರ. ಬೊಗಳಿದ್ರೆ ನೀವು ಅವಸರ ಮಾಡಿದೀರಿ ಅಂತ ಅರ್ಥ, ಮತ್ತೆ ಹಿಂದಕ್ಕೆ ಹೋಗಿ." ಆಮೇಲೆ ಪೆನ್ನು ಮುಚ್ಚುತ್ತ, "ಮನೇಲಿ ಏನಾದ್ರೂ ಬದಲಾವಣೆ ಆಗಿದೆಯಾ?" ಎಂದರು.

"ಏನಿಲ್ಲ" ಎಂದೆ. ನಾಯಿಯೂ ಸುಮ್ಮನಿತ್ತು. ವೈದ್ಯರು ನಮ್ಮಿಬ್ಬರ ಮುಖವನ್ನೂ ಒಂದೊಂದು ಸಲ ನೋಡಿ ಇನ್ನೇನೂ ಕೇಳಲಿಲ್ಲ.

ಸಾಸಿವೆಗೆ ಇಷ್ಟದ ತಿಂಡಿ ಉಪ್ಪು ಹಾಕದೆ ಬೇಯಿಸಿದ ಕ್ಯಾರೆಟ್. ಒಂದು ಡಬ್ಬಿ ತುಂಬ ಬೇಯಿಸಿ, ತುಂಡು ಮಾಡಿ, ಛತ್ರಿ ಹಿಡಿದು ಸಿದ್ಧನಾದೆ. ದೂರದಿಂದ ಎಂದಿದ್ದರು. ಎಷ್ಟು ದೂರ ಎಂದು ಲಿಖಿತವಾಗಿ ಕೊಟ್ಟಿರಲಿಲ್ಲ. ನಾನು ಅಡುಗೆಮನೆಯ ಬಾಗಿಲಿನಿಂದ, ಅಂದರೆ ನಾಲ್ಕಡಿಯಿಂದ, ಛತ್ರಿಯನ್ನು ಬಿಚ್ಚಿದೆ. ಅದು ಗುಂಡಿ ಒತ್ತಿದರೆ ಧಡಕ್ಕೆಂದು ಬಿಚ್ಚಿಕೊಳ್ಳುವ ಛತ್ರಿ. ಸಾಸಿವೆ ಮಂಚದಡಿ ಹೋದದ್ದು ಮಧ್ಯಾಹ್ನದವರೆಗೆ ಹೊರಬರಲಿಲ್ಲ. ನಾನು ನೆಲದ ಮೇಲೆ ಬೋರಲು ಮಲಗಿ ಕ್ಷಮೆ ಕೇಳುತ್ತಿದ್ದಾಗ, ತೆರೆದ ಬಾಗಿಲಲ್ಲಿ ಮೇಲಿನ ಮನೆಯ ಡ್ರಿಲ್ ಮಾಸ್ತರರು ಬಂದು ನಿಂತರು.

ಇವರು ಮೂವತ್ತು ವರ್ಷ ಶಾಲೆಯಲ್ಲಿ ಕವಾಯತು ಮಾಡಿಸಿ ನಿವೃತ್ತರಾದವರು. ಕೊರಳಲ್ಲಿ ಈಗಲೂ ಸೀಟಿ ಇತ್ತು, ಕವಾಯತು ಮಾಡಿಸಲು ಮಾತ್ರ ಯಾರೂ ಇರಲಿಲ್ಲ. ನನ್ನ ಕಥೆ ಕೇಳಿದ ಮೇಲೆ ಅವರ ಬೆನ್ನು ನೆಟ್ಟಗಾಯಿತು.

"ನಿಮ್ಮೋರು ಹಾಗೆ ಹೇಳಿ ಹೋದ್ರಾ? ನಾಯಿ ನಿಲ್ಸೋವರೆಗೂ ಬರಲ್ಲ ಅಂತ?"

"ಹೌದು ಮಾಸ್ತರೇ. ಸ್ಪಷ್ಟವಾಗಿ."

"ಹಾಗಾದ್ರೆ ಇದು ನಿಮ್ಮೊಬ್ರ ಕೆಲಸ ಅಲ್ಲ" ಎಂದರು.

ಸಂಜೆಯೊಳಗೆ ನಮ್ಮ ಮಹಡಿಯಲ್ಲಿ ಮನೆಗಳ ನಡುವಿನ ಓಣಿಯಲ್ಲಿ ಸೀಮೆಸುಣ್ಣದ ಗೆರೆಗಳು ಬಿದ್ದವು. ಇಪ್ಪತ್ತಡಿ, ಹದಿನೈದಡಿ, ಹತ್ತಡಿ, ಐದಡಿ. ಮರುದಿನದಿಂದ ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ಅಭ್ಯಾಸ. ನಾನು ಹೊಸ್ತಿಲಲ್ಲಿ ಸಾಸಿವೆಯನ್ನು ಕೂರಿಸಿಕೊಂಡು ಕ್ಯಾರೆಟ್ ಡಬ್ಬಿ ಹಿಡಿದು ಕೂರಬೇಕು. ಮಾಸ್ತರರು ಇಪ್ಪತ್ತಡಿಯ ಗೆರೆಯ ಮೇಲೆ ಮಡಚಿದ ಛತ್ರಿ ಹಿಡಿದು ನಿಲ್ಲುವರು. ನಾಯಿ ನೋಡಿ ಸುಮ್ಮನಿದ್ದರೆ ಕ್ಯಾರೆಟ್. ನಾಲ್ಕು ದಿನಕ್ಕೆ ಹದಿನೈದಡಿ. ಸೀಟಿ ಊದಿದ್ದು ಒಂದೇ ಸಲ, ಅದರಿಂದ ಎರಡು ದಿನದ ಪ್ರಗತಿ ಕೊಚ್ಚಿಹೋಯಿತೆಂದು ಅದನ್ನು ಜೇಬಿಗೆ ಸೇರಿಸಿದರು.

ಸಂಗೀತದ ಟೀಚರ್ ಮೊದಲು ಬಾಗಿಲ ಸಂದಿಯಿಂದ ಇಣುಕಿದರು, ಆಮೇಲೆ ಬಾಗಿಲಲ್ಲಿ ನಿಂತರು, ಆಮೇಲೆ ಪೊರಕೆ ಹಿಡಿದು ಗೆರೆಯ ಮೇಲೇ ನಿಂತರು. "ಇಷ್ಟೆಲ್ಲ ಹೆಂಡ್ತಿ ಬರಲಿ ಅಂತಾನಾ?" ಎಂದು ಕೇಳಿದರು.

"ಕಟ್ಟಡದ ಶಾಂತಿಗಾಗಿ" ಎಂದೆ.

"ಹಾಂ ಹಾಂ, ಗೊತ್ತಾಯ್ತು ಬಿಡಿ" ಎಂದರು. ಕಾರ್ಯದರ್ಶಿಗಳೂ ಕಚೇರಿಗೆ ಹೊರಡುವ ಮುನ್ನ ಹೆಲ್ಮೆಟ್ ಹಾಕಿಕೊಂಡು ಐದು ನಿಮಿಷ ನಿಲ್ಲತೊಡಗಿದರು. ದೂರು ಕೊಟ್ಟವರೆಲ್ಲ ಒಂದೊಂದು ಸಣ್ಣ ಡಬ್ಬಿಯಲ್ಲಿ ಕ್ಯಾರೆಟ್ ಇಟ್ಟುಕೊಂಡು ಓಡಾಡುವಂತಾಯಿತು.

ಹದಿನೈದು ದಿನ ಒಂದು ತಿಂಗಳಾಯಿತು, ಒಂದು ತಿಂಗಳು ಒಂದೂವರೆಯಾಯಿತು. ನಾದಿನಿ ಕೋಲು ಹಿಡಿದು ನಡೆಯುತ್ತಿದ್ದಾಳಂತೆ. ಆದರೂ ಇವಳು ಬರುವ ಮಾತೆತ್ತಲಿಲ್ಲ. ಷರತ್ತಿನ ಬಗ್ಗೆ ಅವಳು ಎಷ್ಟು ಕಟ್ಟುನಿಟ್ಟು ಎಂದು ನನಗೆ ಆಶ್ಚರ್ಯವಾಗುತ್ತಿತ್ತು. ಪ್ರತಿ ಫೋನಿಗೆ ಮುಂಚೆ ಈ ಸಲ ಹೇಳಿಯೇಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಗಂಟಲಿನವರೆಗೆ ಬರುತ್ತಿತ್ತು. ಬಾಯಿಂದ ಹೊರಬರುವಾಗ, "ಗ್ಯಾಸ್ ಸಿಲಿಂಡರ್ ಬಂತು" ಎಂದಾಗಿರುತ್ತಿತ್ತು.

ತಂಗಿಯ ಊರಿನ ಬಸ್ಸು ದಿನಾ ಸಂಜೆ ಐದು ಹತ್ತಕ್ಕೆ ನಮ್ಮ ರಸ್ತೆಯ ತುದಿಯಲ್ಲಿ ನಿಲ್ಲುತ್ತದೆ. ಐದಕ್ಕೆ ಸರಿಯಾಗಿ ಸಾಸಿವೆ ಅವಳ ಹಳೆಯ ಚಪ್ಪಲಿಯೊಂದನ್ನು ಕಚ್ಚಿಕೊಂಡು ಮೆಟ್ಟಿಲ ತಲೆಯಲ್ಲಿ ಹೋಗಿ ಕೂರುತ್ತಿತ್ತು. ನಾನು ಕಚೇರಿಯಿಂದ ಬೇಗ ಬಂದು ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ಗಾಳಿಗೆ ನಿಂತಿದ್ದೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಸ್ಸಿನಿಂದ ಇಳಿದವರೆಲ್ಲ ಬೇರೆ ಬೇರೆ ಕಡೆ ಹೋದ ಮೇಲೆ ಸಾಸಿವೆ ಚಪ್ಪಲಿಯ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. ನಾನು ಹೋಗಿ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಿದ್ದೆ.

ಎರಡು ತಿಂಗಳು ತುಂಬುವ ವಾರ ಸಾಸಿವೆ ಗೆದ್ದಿತು. ಮಾಸ್ತರರು ಐದಡಿಯಲ್ಲಿ ಛತ್ರಿ ಬಿಚ್ಚಿದರು, ಅದು ಆಕಳಿಸಿತು. ಕಾರ್ಯದರ್ಶಿಗಳು ಹೆಲ್ಮೆಟ್ಟಿನೊಳಗಿಂದ ಮಾತಾಡಿಸಿದರು, ಅದು ಬಾಲ ಅಲ್ಲಾಡಿಸಿ ಕ್ಯಾರೆಟ್ ಕೇಳಿತು. ಪೊರಕೆಯನ್ನು ಮೂಸಿತು. ಮೂರು ದಿನ ಒಂದು ಬೊಗಳೂ ಇಲ್ಲ. ನನಗೆ ಕಣ್ಣು ತುಂಬಿಬಂತು. ಷರತ್ತು ಪೂರೈಸಿತ್ತು. ಇನ್ನುಳಿದದ್ದು ದಾಖಲೆ. ನಾನೇ ಕೂತು ಬರೆದೆ:

"ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದ ಸಾಸಿವೆ ಎಂಬ ಕಪ್ಪು ಬಣ್ಣದ ನಾಯಿಯು ಈ ತಿಂಗಳ ಹನ್ನೊಂದನೇ ತಾರೀಖಿನಿಂದ ಬೊಗಳುವುದನ್ನು ಸಂಪೂರ್ಣವಾಗಿ ನಿಲ್ಲಿಸಿರುತ್ತದೆ. ಈ ಬಗ್ಗೆ ನೆರೆಹೊರೆಯವರಿಂದ ಯಾವುದೇ ತಕರಾರು ಇರುವುದಿಲ್ಲ."

ಕೆಳಗೆ ಮೂವರ ಸಹಿ, ಕಾರ್ಯದರ್ಶಿಗಳ ಮುದ್ರೆ. ನಾಯಿಯ ಕಾಲನ್ನೂ ಮಸಿಪ್ಯಾಡಿಗೆ ಒತ್ತಿಸೋಣ ಎಂದು ಮಾಸ್ತರರು ಹೇಳಿದರು, ಅದು ಅತಿಯಾಯಿತೆಂದು ಬಿಟ್ಟೆವು. ಬಿಟ್ಟದ್ದೇ ತಪ್ಪಾಯಿತು. ಅಂಚೆಗೆ ಹಾಕಿ, ಬಾಗಿಲ ಹಿಂದಿನ ಸ್ವೆಟರನ್ನು ಒಗೆದು ಒಣಗಿಸಿ ಮತ್ತೆ ಅಲ್ಲೇ ನೇತುಹಾಕಿದೆ.

ಮೂರನೆಯ ದಿನ ಬೆಳಿಗ್ಗೆಯೇ ಫೋನ್ ಬಂತು.

"ನಾಯಿ ಎಲ್ಲಿ?"

"ಇಲ್ಲೇ ಇದೆ."

"ಸುಳ್ಳು. ಒಂದು ವಾರದಿಂದ ನೋಡ್ತಿದೀನಿ, ಫೋನ್ ಮಾಡಿದಾಗ ಅದರ ಸದ್ದೇ ಇಲ್ಲ. ಈಗ ಈ ಕಾಗದ. 'ವಾಸವಾಗಿದ್ದ' ಅಂತೆ, 'ಸಂಪೂರ್ಣವಾಗಿ ನಿಲ್ಲಿಸಿರುತ್ತದೆ' ಅಂತೆ. ಸತ್ತೋರಿಗೆ ಕೊಡೋ ಪತ್ರದ ಥರ ಇದೆ. ಓದಿ ತಂಗೀನೂ ನಾನೂ ಅಂಗಡಿ ಮುಚ್ಚಿ ಅತ್ವಿ. ನಿಜ ಹೇಳಿ, ಯಾರಿಗೆ ಕೊಟ್ರಿ ಅದನ್ನ? ಒಂದೋ ನಾನು ಒಂದೋ ನಾಯಿ ಅಂತ ಅವತ್ತೇ ಅಂದಿದ್ರಲ್ಲ."

ನಾನು ಹೌಹಾರಿದೆ. "ಅಯ್ಯೋ, ಇಲ್ಲೇ ಸ್ಟೂಲಿನ ಕೆಳಗೆ ಕೂತಿದೆ ಮಾರಾಯ್ತಿ."

"ಹಾಗಿದ್ರೆ ಬೊಗಳ್ಸಿ."

"ಏನು?"

"ಒಂದೇ ಒಂದು ಸಲ ಬೊಗಳ್ಸಿ. ಅದರ ಗಂಟಲು ನನಗೆ ಗೊತ್ತು."

ಎರಡು ತಿಂಗಳ ತಪಸ್ಸು ಉಲ್ಟಾ ಹೊಡೆದದ್ದು ಹೀಗೆ. ನಾನು ಛತ್ರಿ ಬಿಚ್ಚಿದೆ. ಸಾಸಿವೆ ಎದ್ದು ಕೂತು ಕ್ಯಾರೆಟ್ಟಿಗಾಗಿ ಕಾದಿತು. ಪೊರಕೆ ಆಡಿಸಿದೆ, ಅದು ಬಾಲ ಆಡಿಸಿತು. ಗದ್ದಲ ಕೇಳಿ ಸಂಗೀತದ ಟೀಚರ್ ಬಂದರು, ಕಾರ್ಯದರ್ಶಿಗಳು ಹೆಲ್ಮೆಟ್ ಸಮೇತ ಬಂದರು, ಮಾಸ್ತರರು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಬಂದರು. ನಾಲ್ವರು ದೊಡ್ಡವರು ಒಂದು ನಾಯಿಯ ಸುತ್ತ ನಿಂತು ಕೈಮುಗಿದು, "ಬೊಗಳಮ್ಮ, ಒಂದು ಸಲ ಬೊಗಳಮ್ಮ" ಎಂದು ಬೇಡಿಕೊಂಡೆವು. ಟೀಚರ್ ಬೇಕೆಂದೇ ಶ್ರುತಿ ತಪ್ಪಿ ಹಾಡಿದರು. ಜಪ್ಪಯ್ಯ ಅಂದರೂ ಸಾಸಿವೆ ಬಾಯಿ ಬಿಡಲಿಲ್ಲ. ಬಿಟ್ಟಿದ್ದು ಕ್ಯಾರೆಟ್ ತಿನ್ನಲು ಮಾತ್ರ, ಏಕೆಂದರೆ ಎಲ್ಲರೂ ಅಭ್ಯಾಸಬಲದಿಂದ ಕೊಡುತ್ತಲೇ ಇದ್ದೆವು.

ಆಗ ಮಾಸ್ತರರು ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, ಎರಡು ಸಲ ಗಂಭೀರವಾಗಿ ಬೊಗಳಿದರು. ಹೊಗಳಲೇಬೇಕು, ಚೆನ್ನಾಗಿಯೇ ಬೊಗಳಿದರು.

ಆ ಕಡೆಯಿಂದ ಅವಳ ದನಿ: "ಮಾಸ್ತರೇ, ನಮ್ಮೋರಿಗೆ ಹೇಳಿ, ನಾಳೆ ಸಂಜೆ ಬಸ್ಸಿಗೆ ಬರ್ತಿದೀನಿ. ನಾಯಿ ಇಲ್ಲದಿದ್ರೆ ಮೆಟ್ಟಿಲಿಂದಾನೇ ವಾಪಸ್."

ಮರುದಿನ ಐದಕ್ಕೆ ಸಾಸಿವೆ ಚಪ್ಪಲಿಯೊಂದಿಗೆ ತನ್ನ ಜಾಗದಲ್ಲಿ ಕೂತಿತು. ಹಿಂದೆ ನಾನು. ನನ್ನ ಹಿಂದೆ, ನನಗೆ ಬೇಡವಾಗಿದ್ದರೂ, ಸಹಿ ಹಾಕಿದ ಮೂವರು. ನನಗಿದ್ದ ಅಳುಕು ಒಂದೇ. ಇಷ್ಟು ದಿನವಾದ ಮೇಲೆ ನಾಯಿ ಇವಳನ್ನೂ ಹೊಸಬರೆಂದುಕೊಂಡು, ಕಲಿಸಿದ ಹಾಗೆ ಶಿಸ್ತಾಗಿ ಕ್ಯಾರೆಟ್ ಕೇಳಿಬಿಟ್ಟರೆ?

ಐದು ಹತ್ತಕ್ಕೆ ಬಸ್ಸಿನ ಹಾರ್ನ್ ಕೇಳಿಸಿತು. ಸ್ವಲ್ಪ ಹೊತ್ತಿಗೆ ಕೆಳಗೆ ಹೆಜ್ಜೆ ಸದ್ದು. ಅವಳು ಯಾವಾಗಲೂ ಮೂರನೆಯ ಮೆಟ್ಟಿಲಲ್ಲಿ ನಿಂತು ಚೀಲದ ಕೈ ಬದಲಿಸುತ್ತಾಳೆ. ಹೆಜ್ಜೆ ಮೂರನೆಯ ಮೆಟ್ಟಿಲಲ್ಲಿ ನಿಂತಿತು.

ಸಾಸಿವೆಯ ಬಾಯಿಂದ ಚಪ್ಪಲಿ ಬಿತ್ತು. ಅದು ಬೊಗಳಿತು. ಎರಡು ತಿಂಗಳು ಹಿಡಿದಿಟ್ಟಿದ್ದನ್ನೆಲ್ಲ ಒಟ್ಟಿಗೆ ಬೊಗಳಿತು, ಕಟ್ಟಡವೆಲ್ಲ ಕೇಳುವಂತೆ. ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಮೆಟ್ಟಿಲಲ್ಲಿ ಉರುಳಿಕೊಂಡು ಹೋಗಿ ಅವಳ ಮೈಮೇಲೆ ಬಿತ್ತು, ನೆಕ್ಕುತ್ತ ಬೊಗಳಿತು, ಬೊಗಳುತ್ತ ಅತ್ತಿತು. ಅವಳು ಮೆಟ್ಟಿಲ ಮೇಲೇ ಕುಸಿದು ಕೂತು ಅದರ ಕುತ್ತಿಗೆಯಲ್ಲಿ ಮುಖ ಹುದುಗಿಸಿದಳು. ನನ್ನ ಹಿಂದೆ ಸಂಗೀತದ ಟೀಚರ್ ಸೆರಗಿನಿಂದ ಮೂಗು ಒರೆಸಿಕೊಂಡರು.

ಅವಳು ಮೇಲೆ ಬಂದು ನಮ್ಮ ಹೊಸ್ತಿಲ ಬಳಿ ನಿಂತಳು. ಚೀಲ ಸಣ್ಣದಿತ್ತು, ಒಂದು ದಿನಕ್ಕಾಗುವಷ್ಟು. ಉಳಿಯಲು ಬಂದವಳದ್ದಲ್ಲ. ಚೀಲದಿಂದ ಪ್ರಮಾಣಪತ್ರ ತೆಗೆದು ನನ್ನ ಮುಂದೆ ಹಿಡಿದಳು.

"ಏನ್ರೀ ಇದು?"

"ಷರತ್ತು ಪೂರೈಸಿದ್ದಕ್ಕೆ ದಾಖಲೆ. ನೀನೇ ಹೇಳಿದ್ಯಲ್ಲ ಬಸ್ಸಲ್ಲಿ, ಬೊಗಳೋದು ನಿಲ್ಲಿಸೋವರೆಗೂ ಬರಲ್ಲ ಅಂತ."

"ತಮಾಷೆಗೆ ಅಂದಿದ್ದು ಕಣ್ರೀ. ನಗ್ತಾ ಹೇಳಿದ್ದೆ."

ನಗುವಿಗೆ ನನ್ನ ವಹಿಯಲ್ಲಿ ಕಲಂ ಇರಲಿಲ್ಲ.

"ತಂಗಿ ಎದ್ದು ಓಡಾಡೋಕೆ ಶುರುಮಾಡಿ ಮೂರು ವಾರ ಆಯ್ತು" ಎಂದಳು, ದನಿ ಇಳಿಸಿ. "ಫೋನ್ ಮಾಡಿದಾಗೆಲ್ಲ ಕಾದೆ, ಇವತ್ತಾದ್ರೂ ಬಾ ಅಂತೀರೇನೋ ಅಂತ. ನೀವು ನೋಡಿದ್ರೆ ಆರಾಮ, ಅವಸರ ಏನಿಲ್ಲ, ಸಿಲಿಂಡರ್ ಬಂತು. ಇವರಿಗೆ ನಾನು ಬೇಕಾಗೇ ಇಲ್ಲ ಅಂದ್ಕೊಂಡೆ. ಹಿಂದೆ ಅದು ಬೊಗಳೋ ಸದ್ದು ಕೇಳಿಸ್ತಿತ್ತಲ್ಲ, ಸದ್ಯ ಅದಕ್ಕಾದ್ರೂ ನಾನು ಬೇಕು ಅಂತಿತ್ತು. ಅದೂ ನಿಂತುಹೋಯ್ತು." ಕಾಗದವನ್ನು ಮಡಚಿದಳು. "ಈಗ ನೋಡಿ, ನಾಯಿ ಬೊಗಳ್ತಿದೆ. ಷರತ್ತು ಮುರೀತು. ಏನು ಮಾಡ್ಲಿ, ಬೆಳಗಿನ ಬಸ್ಸಿಗೆ ಹೋಗ್ಲಾ?"

ಈಗ ಹೇಳಬೇಕಾಗಿತ್ತು. ಗಂಟಲಿನವರೆಗೆ ಬಂತು. ಬಾಯಲ್ಲಿ ಸಿಲಿಂಡರ್ ಎಂಬ ಪದ ರೂಪುಗೊಳ್ಳುತ್ತಿರುವುದು ನನಗೇ ತಿಳಿಯಿತು.

ಕಿವಿಯ ಬಳಿ ಮಾಸ್ತರರ ಪಿಸುಮಾತು ಕೇಳಿಸಿತು: "ತೀರಾ ಹತ್ತಿರ ನಿಂತಿದೀರಿ. ಇಪ್ಪತ್ತಡಿಗೆ ಹೋಗಿ."

ನಾನು ಹೋದೆ. ಓಣಿಯ ತುದಿಗೆ ನಡೆದು, ಮಾಸಿದ ಸೀಮೆಸುಣ್ಣದ ಗೆರೆಯ ಮೇಲೆ ನಿಂತು ತಿರುಗಿದೆ. ದೂರದಲ್ಲಿ ಅವಳು, ಕಾಲ ಬಳಿ ಸಾಸಿವೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

"ಎರಡು ಲೋಟ ಕಾಫಿ ನಾನೇ ಕುಡೀತಿದೀನಿ" ಎಂದೆ.

ಹದಿನೈದಡಿಗೆ ಬಂದೆ. "ದಿನಾ ಐದು ಹತ್ತಕ್ಕೆ ಕಿಟಕೀಲಿ ನಿಲ್ತೀನಿ. ಗಾಳಿಗೆ ಅಲ್ಲ."

ಹತ್ತಡಿ. "ಆರಾಮ ಇಲ್ಲ. ಒಂದು ದಿನಾನೂ ಆರಾಮ ಇರ್ಲಿಲ್ಲ."

ಐದಡಿಯ ಗೆರೆಯ ಮೇಲೆ ನಿಂತಾಗ ಅವಳ ಕಣ್ಣು ಕಾಣಿಸಿತು. ಇನ್ನೇನೂ ಉಳಿದಿರಲಿಲ್ಲ. "ಹೋಗಬೇಡ" ಎಂದೆ. "ಮನೆಗೆ ಬಾ."

ಅವಳು ಚೀಲವನ್ನು ಹೊಸ್ತಿಲೊಳಗೆ ಇಟ್ಟಳು, ಬಾಗಿಲ ಹಿಂದೆ ಕೈಹಾಕಿ ಬೂದು ಸ್ವೆಟರ್ ತೆಗೆದು ಹಾಕಿಕೊಂಡಳು, ಒಂದೊಂದೇ ಗುಂಡಿ ಹಾಕುತ್ತ, "ಕಾಫಿಗೆ ನೀರಿಡ್ತೀನಿ" ಎಂದು ಒಳಗೆ ಹೋದಳು. ನಾಯಿ ಹಿಂದೆಯೇ ಹೋಯಿತು.

ನಾನು ಗೆರೆಯ ಮೇಲೇ ನಿಂತಿದ್ದೆ. ಮಾಸ್ತರರು ಜೇಬಿನಿಂದ ಸಣ್ಣ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಒಂದು ಕ್ಯಾರೆಟ್ ತುಂಡನ್ನು ಗಂಭೀರವಾಗಿ ನನ್ನ ಅಂಗೈಯಲ್ಲಿಟ್ಟರು. ಉಪ್ಪಿರಲಿಲ್ಲ. ನಾನು ಪೂರ್ತಿ ತಿಂದು ಒಳಗೆ ಹೋದೆ.